ಅಕ್ಕ ತೆಗೆದಿಟ್ಟ ಖಾಲಿ ತೋಟೆ

ಅಪ್ಪನ ಬಲಗಣ್ಣು ಹೋದದ್ದು ನನ್ನಿಂದ; ಅಕ್ಕನಿಂದಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ನೀರು ಕುಡಿದು ಬಂದೆ. ಇಷ್ಟೇ ಇಷ್ಟು ಮಾತು. ಇದನ್ನು ಹೇಳಬೇಕಾಗಿದ್ದ ದಿನ ನನಗೆ ಇಪ್ಪತ್ತು ವರ್ಷ. ಈಗ ನನ್ನ ಮಗಳಿಗೇ ಅಷ್ಟಾಗಿದೆ. ನಡುವೆ ಹೇಳಲು ಎಷ್ಟೋ ಸಂದರ್ಭಗಳು ಬಂದವು. ಒಂದೊಂದನ್ನೂ ನೋಡಿಯೂ ನೋಡದವನಂತೆ ದಾಟಿ ಬಂದವನು ನಾನು.

ನಾನು ಮಲೇಷ್ಯಾದ ಮೆಲಾಕಾ ಊರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಕಲಿಸುತ್ತೇನೆ. ಉಡುಪಿಯಿಂದ ಬಂದು ಬಹಳ ಕಾಲವಾಯಿತು. ಇಲ್ಲಿ ಯಾರ ಮನೆಯಲ್ಲೂ ಕೋವಿಯ ಮಾತು ಬರುವುದಿಲ್ಲ. ಈ ದೇಶದಲ್ಲಿ ಪರವಾನಗಿ ಇಲ್ಲದೆ ತೋಟೆಯ ಒಂದು ತುಂಡು ಮನೆಯಲ್ಲಿ ಸಿಕ್ಕರೂ ಪೊಲೀಸರಿಗೆ ಉತ್ತರ ಕೊಡಬೇಕು. ನಾನು ಬಾಲ್ಯವೆಲ್ಲ ಹಿತ್ತಾಳೆ ತೋಟೆಗಳ ನಡುವೆ ಕಳೆದವನು ಎಂದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ. ನನಗೆ ಅದೇ ಅನುಕೂಲವಾಗಿತ್ತು. ಕೇಳುವವರೇ ಇಲ್ಲದ ಊರು—ಅದಕ್ಕೇ ಇಲ್ಲಿಗೆ ಬಂದೆನೋ ಏನೋ, ಈಗ ಹಾಗನ್ನಿಸುತ್ತದೆ.

ಅಪ್ಪ ಸೈನ್ಯದಲ್ಲಿ ಬಂದೂಕು ರಿಪೇರಿಯ ವಿಭಾಗದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಊರಿಗೆ ಬಂದ ಮೇಲೂ ಅವರನ್ನು ಎಲ್ಲರೂ ಸುಬೇದಾರರು ಎಂದೇ ಕರೆಯುತ್ತಿದ್ದರು. ನಾಲ್ಕಾರು ಮಂದಿಯನ್ನು ಸೇರಿಸಿ ಒಂದು ಪುಟ್ಟ ರೈಫಲ್ ಕ್ಲಬ್ ಮಾಡಿದ್ದರು. ಊರ ಹೊರಗೆ ಕಲ್ಲು ತೆಗೆದು ಮುಗಿದಿದ್ದ ಕೆಂಪುಕಲ್ಲಿನ ಕೋರೆಯೇ ಗುರಿ ಅಭ್ಯಾಸದ ಜಾಗ. ಮೂರೂ ಕಡೆ ಕಡಿದಿಟ್ಟಂತೆ ನಿಂತ ಕೆಂಪು ಗೋಡೆ, ಮಧ್ಯೆ ಹುಲ್ಲು, ಭಾನುವಾರ ಬೆಳಿಗ್ಗೆ ಅಲ್ಲಿ ಅಮ್ಮ ಕಟ್ಟಿಕೊಟ್ಟ ಬನ್ಸ್, ಫ್ಲಾಸ್ಕಿನ ಕಾಫಿ. ನಮಗೆ ಅದೇ ಪಿಕ್‌ನಿಕ್ಕು.

ರೈಫಲಿಗೆ ತೋಟೆ ಸಿಗುವುದು ಕಷ್ಟವಿದ್ದ ಕಾಲ ಅದು. ಸಿಕ್ಕಿದ್ದನ್ನು ಹಾರಿಸಿ ಬಿಸಾಡುವ ಹಾಗಿರಲಿಲ್ಲ. ಹಾರಿಸಿದ ಮೇಲೆ ಹೊರಗೆ ಬೀಳುವ ಹಿತ್ತಾಳೆಯ ಕೊಳವೆಯನ್ನು ನಾವು ಖಾಲಿ ತೋಟೆ ಎನ್ನುತ್ತಿದ್ದೆವು. ಅದನ್ನು ಹುಲ್ಲಿನಲ್ಲಿ ಹುಡುಕಿ ಹೆಕ್ಕಿ ತಂದು, ತೊಳೆದು, ಸರಿಮಾಡಿ, ಬುಡಕ್ಕೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಬಾಯಿಗೆ ಗುಂಡು ಇಟ್ಟರೆ ಮತ್ತೆ ತೋಟೆ ತಯಾರು. ಅಪ್ಪನಿಗೆ ಅದಕ್ಕೆ ಬೇಕಾದ ಪರವಾನಗಿ ಇತ್ತು, ತೋಟೆ ಒತ್ತಿ ಸರಿಮಾಡಲು ಸೈನ್ಯದ ಗೆಳೆಯರೊಬ್ಬರು ಕೊಟ್ಟ ಒಂದು ಕೈ ಪ್ರೆಸ್ ಇತ್ತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಕೂರುತ್ತಿದ್ದೆವು—ಅಪ್ಪ, ಅಕ್ಕ, ರಜೆಯಲ್ಲಿ ಬಂದಾಗ ನಾನು.

ಆ ಮಧ್ಯಾಹ್ನಗಳು… ನನಗೆ ಈಗಲೂ ಹುಣಸೆಹಣ್ಣಿನ ವಾಸನೆ ಬಂದರೆ ಮೊದಲು ನೆನಪಾಗುವುದು ಸಾರಲ್ಲ, ಆ ಜಗಲಿ. ಖಾಲಿ ತೋಟೆಗಳನ್ನು ಅಮ್ಮ ದೇವರ ದೀಪ ತೊಳೆಯುವ ಹಾಗೆಯೇ ಹುಣಸೆಹಣ್ಣಿನ ನೀರಿನಲ್ಲಿ ಅದ್ದಿ ತಿಕ್ಕಿ ಕೊಡುತ್ತಿದ್ದಳು. "ನಿಮ್ಮ ಯುದ್ಧದ ಪಾತ್ರೆ ತೊಳೆಯುದೂ ನಾನೇ," ಎಂದು ಗೊಣಗುತ್ತಲೇ. ಅವು ಬಿಸಿಲಿಗೆ ಒಣಗಿ ಮೊರದಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ಅಪ್ಪ ರೇಡಿಯೊ ಸಣ್ಣಗೆ ಹಾಕಿ, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಪೆಟ್ಟಾದ ತೋಟೆಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಬಿಡಬೇಕು—ಅದೇ ಆ ಕೆಲಸದ ಮುಖ್ಯ. ನೆಲಕ್ಕೆ ಬಿದ್ದು ಬಾಯಿ ತಗ್ಗಿದ್ದರೆ ಚಿಂತೆಯಿಲ್ಲ. ಚೂಪಾದ ಉಕ್ಕಿನ ಕಡ್ಡಿ ತೂರಿಸಿ ತಿರುಗಿಸಿದರೆ ಮತ್ತೆ ದುಂಡಗಾಗುತ್ತಿತ್ತು. ಮೈಮೇಲಿನ ಗೀರು ಕೂಡ ದೊಡ್ಡ ಸಂಗತಿಯಲ್ಲ. ಕುತ್ತಿಗೆ ಸೀಳಿದ್ದರೆ ಅದು ಹೋಯಿತು. ಎಲ್ಲಕ್ಕಿಂತ ಕಳ್ಳ ಪೆಟ್ಟು ಒಂದಿತ್ತು. ಪ್ರತಿ ಸಲ ಸಿಡಿದಾಗಲೂ ಹಿತ್ತಾಳೆ ಹಿಗ್ಗಿ ಬುಡದ ಹತ್ತಿರ ತೆಳುವಾಗುತ್ತಾ ಬರುತ್ತದೆ. ಹೊರಗಿನಿಂದ ನೋಡಿದರೆ ಅಲ್ಲಿ ಕೂದಲೆಳೆಯಷ್ಟು ಸಣ್ಣ ಹೊಳಪಿನ ಗೆರೆ, ಸುತ್ತಲೂ ಉಂಗುರದ ಹಾಗೆ. ಕೆಲವು ಸಲ ಆ ಗೆರೆಯೂ ಸರಿಯಾಗಿ ಕಾಣದು. ಆಗ ಸೈಕಲ್ಲಿನ ಕಡ್ಡಿಯ ತುದಿ ಬಗ್ಗಿಸಿ ಚೂಪು ಮಾಡಿ, ಅದನ್ನು ಒಳಗೆ ಇಳಿಸಿ ಮೆಲ್ಲಗೆ ಎಳೆಯಬೇಕು. ಒಳಗೋಡೆಯಲ್ಲಿ ತೋಡು ಬಿದ್ದಿದ್ದರೆ ಕಡ್ಡಿ ಅಲ್ಲಿ ಒಂದು ಕ್ಷಣ ತಡೆಯುತ್ತದೆ. ಅಂಥದ್ದನ್ನು ಮತ್ತೆ ತುಂಬಿದರೆ, ಸಿಡಿದಾಗ ಅಲ್ಲೇ ಹರಿದು ಬಿಸಿ ಗಾಳಿ ಹಿಂದಕ್ಕೆ, ಗುರಿ ಹಿಡಿದವನ ಮುಖಕ್ಕೆ ಬರಬಹುದು.

ಆ ತಡೆಯುವುದನ್ನು ಗುರುತಿಸುವುದರಲ್ಲಿ ನನ್ನ ಅಕ್ಕ ವಸಂತಿಯನ್ನು ಮೀರಿಸಿದವರಿರಲಿಲ್ಲ. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮುಗಿಸಿದ್ದಳು. ಗುರಿಯಲ್ಲೂ ಕ್ಲಬ್ಬಿನ ಗಂಡಸರನ್ನೆಲ್ಲ ಹಿಂದೆ ಹಾಕಿದ್ದಳು; ರಾಜ್ಯ ತಂಡದ ಶಿಬಿರಕ್ಕೆ ಅವಳನ್ನು ಕರೆದಿದ್ದರು. ಅಪ್ಪ ಮೊದಮೊದಲು ಅವಳು ನೋಡಿದ್ದನ್ನು ತಾವೂ ಒಮ್ಮೆ ನೋಡುತ್ತಿದ್ದರು. ಆಮೇಲೆ ಬಿಟ್ಟರು. "ವಸಂತಿ ನೋಡಿಯಾಯ್ತಾ? ಹಾಗಾದ್ರೆ ಆಯ್ತು," ಎಂದು ರೇಡಿಯೊ ಕಡೆ ತಿರುಗುತ್ತಿದ್ದರು. ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅದನ್ನು ಕೇಳುವಾಗಲೆಲ್ಲ ಅಕ್ಕ ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು, ಆದರೆ ಕಿವಿ ಕೆಂಪಾಗುತ್ತಿತ್ತು.

ನನಗೆ ಅಸೂಯೆಯಿತ್ತೆ? ಇತ್ತು. ಇಲ್ಲವೆಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

ಅಂದು ಶನಿವಾರ. ನಾನು ಮೆಡಿಕಲ್ ಕಾಲೇಜಿನ ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ಊರೆಲ್ಲ ಆಗಲೇ ಡಾಕ್ಟ್ರೇ ಎಂದು ಕರೆಯುತ್ತಿತ್ತು. ನನಗೂ ಅದು ತಲೆಗೇರಿತ್ತು. ಜಗಲಿಯಲ್ಲಿ ಅಕ್ಕ ಒಂದರ ಹಿಂದೆ ಒಂದರಂತೆ ಎರಡು ತೋಟೆಗಳನ್ನು ತೆಗೆದು, ಬಿಸಾಡುವವಕ್ಕೆಂದು ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಆ ಡಬ್ಬಿಯಲ್ಲಿದ್ದುದನ್ನು ಅಪ್ಪ ವಾರಕ್ಕೊಮ್ಮೆ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಡುತ್ತಿದ್ದರು, ತಪ್ಪಿಯೂ ಯಾರೂ ಮತ್ತೆ ಬಳಸಬಾರದೆಂದು.

ನಾನು ಒಂದನ್ನು ಎತ್ತಿಕೊಂಡೆ. "ಎಂತ ಉಂಟು ಇದ್ರಲ್ಲಿ? ನಂಗೆ ಎಂತದೂ ಕಾಣುದಿಲ್ಲ."

"ಕಾಣುದಲ್ಲ, ತಾಗುದು," ಎಂದಳು ಅಕ್ಕ. "ಕಡ್ಡಿ ಹಾಕಿ ನೋಡು."

ಹಾಕಿ ನೋಡಿದೆ. ಏನೂ ತಾಗಲಿಲ್ಲ. "ಸುಮ್ನೆ ಒಳ್ಳೆ ತೋಟೆ ಹಾಳು ಮಾಡ್ತಿ. ನಿನ್ನದು ಭ್ರಮೆ."

ಅಕ್ಕ ನಕ್ಕಳು. "ನೀನು ಡಾಕ್ಟ್ರು ಮಾರಾಯ. ಮನುಷ್ಯರ ನಾಡಿ ಹಿಡಿ. ಇದು ನಿನಗೆ ಆಗುವ ಕೆಲಸ ಅಲ್ಲ."

ಕುರ್ಚಿಯಲ್ಲಿ ಅಪ್ಪನೂ ನಕ್ಕರು. ಅಷ್ಟೇ. ಇಬ್ಬರೂ ಪ್ರೀತಿಯಿಂದಲೇ ನಕ್ಕದ್ದು. ಅದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ನಗು ಒಳಗೆಲ್ಲೋ ಚುಚ್ಚಿಕೊಂಡು ಕೂತಿತು.

ಸ್ವಲ್ಪ ಹೊತ್ತಿಗೆ ಅಮ್ಮ ಚಹಾಕ್ಕೆ ಕರೆದಳು. ಅಪ್ಪ, ಅಕ್ಕ ಒಳಗೆ ಹೋದರು. ನಾನು ಡಬ್ಬಿಯಿಂದ ಆ ಎರಡರಲ್ಲೊಂದನ್ನು ತೆಗೆದೆ. ಹಿತ್ತಿಲ ತೊಳೆಯುವ ಕಲ್ಲಿನ ಹತ್ತಿರ ಅಮ್ಮನ ಹುಣಸೆಹಣ್ಣು ಇನ್ನೂ ಇತ್ತು. ಬುಡದ ಬಳಿ ಗೆರೆಯ ಸುಳಿವೇನಾದರೂ ಇದ್ದರೆ ಅದೂ ಕಾಣದಂತೆ ತಿಕ್ಕಿದೆ. ಸೂಜಿಯಿಂದ ಬುಡಕ್ಕೆ ಒಂದು ಪುಟ್ಟ ಗೀರು ಎಳೆದೆ, ಆಮೇಲೆ ನನಗೆ ಗುರುತು ಸಿಗಲೆಂದು. ಒರೆಸಿ ಒಣಗಿಸಿ, ಅಕ್ಕ ನೋಡಿ ಮುಗಿಸಿ ಸಾಲಾಗಿ ನಿಲ್ಲಿಸಿದ್ದ ಒಳ್ಳೆಯ ತೋಟೆಗಳ ನಡುವೆ ನಿಲ್ಲಿಸಿದೆ. ಚಹಾ ಕುಡಿದು ಬಂದ ಅಕ್ಕ ಅವಕ್ಕೆಲ್ಲ ಕೇಪು ಕೂರಿಸಿ ಮದ್ದು ತುಂಬಿದಳು. ಒಮ್ಮೆ ನೋಡಿದ್ದನ್ನು ಮತ್ತೆ ನೋಡುವ ಅಗತ್ಯ ಅವಳಿಗಿರಲಿಲ್ಲ. ಅವಳ ಕೈಯೇ ಅದನ್ನು ತುಂಬಿತು. ನಾನು ಎದುರಿಗೆ ಕೂತು ಚಕ್ಕುಲಿ ತಿನ್ನುತ್ತಾ ನೋಡಿದೆ.

ನನ್ನ ಯೋಚನೆ ಏನಿತ್ತೆಂದರೆ—ಮರುದಿನ ಆ ತೋಟೆ ಸರಿಯಾಗಿ ಹಾರುತ್ತದೆ, ಬಿದ್ದ ಖಾಲಿ ತೋಟೆಯನ್ನು ಹೆಕ್ಕಿ, ಎಲ್ಲರೆದುರು ಗೀರು ತೋರಿಸಿ, "ನೋಡು, ನಿನ್ನ ಭ್ರಮೆ ಇದು," ಎನ್ನುತ್ತೇನೆ. ಅಷ್ಟಕ್ಕೇ. ಒಂದು ಮಾತು ಗೆಲ್ಲುವುದಕ್ಕೆ.

ಭಾನುವಾರ ಬೆಳಿಗ್ಗೆ ಕೋರೆಯಲ್ಲಿ ನಾವು ಮೂವರು, ಮತ್ತೆ ಅಮ್ಮನ ತಮ್ಮ ಸದಾನಂದ ಮಾವ. ಅಕ್ಕ ಶಿಬಿರಕ್ಕೆ ಹೊರಡುವ ಮುಂಚಿನ ಅಭ್ಯಾಸ. ರೈಫಲಿನ ಗುರಿ ಸರಿಯಿದೆಯೇ ಎಂದು ನೋಡಲು ಮೊದಲು ಅಪ್ಪ ಮಲಗಿ ಹಿಡಿದರು. ಆರಂಭದ ಕೆಲವು ಗುಂಡುಗಳು ಸರಿಯಾಗಿಯೇ ಹೋದವು. ಅಪ್ಪ "ಎಡಕ್ಕೆ ಹೋಗ್ತಾ ಉಂಟು," ಎಂದು ಏನೋ ತಿರುಗಿಸಿದರು. ಮತ್ತೆ ಹೊಡೆದರು.

ಆ ಸದ್ದು ಬೇರೆಯೇ ಇತ್ತು. ಮೊಂಡು ಸದ್ದು. ಕೋರೆಯ ಗೋಡೆಗೆ ಹೋಗಿ ತಿರುಗಿ ಬರಲಿಲ್ಲ. ಅಪ್ಪ ರೈಫಲನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟರು, ಯಾವತ್ತೂ ಇಡುವ ಹಾಗೆಯೇ, ಬಾಯಿ ಯಾರ ಕಡೆಗೂ ಬಾರದಂತೆ. ಎದ್ದು ಕೂತರು. "ಎಂತದೂ ಇಲ್ಲ, ಎಂತದೂ ಇಲ್ಲ," ಎಂದರು. ಬಲಗಣ್ಣಿನ ಮೇಲೆ ಇಟ್ಟ ಬೆರಳುಗಳ ಸಂದಿಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು.

ಅಕ್ಕ ಓಡಿ ಹೋಗಿ ಅವರ ತಲೆ ಹಿಡಿದುಕೊಂಡಳು. ಸದಾನಂದ ಮಾವ ಜೀಪು ತರಲು ಹೋಗುವ ಮುನ್ನ ಅಪಾಯ ಉಳಿಯಬಾರದೆಂದು ರೈಫಲಿನಿಂದ ಹರಿದ ತೋಟೆಯ ತುಂಡನ್ನು ಬಿಡಿಸಿ ತೆಗೆದರು. ನಾನು ಅದನ್ನು ನೋಡಿದೆ. ಬುಡದಲ್ಲಿ ಸೂಜಿಯ ಗೀರು ಇತ್ತು.

ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ. ಇದನ್ನು ಹುಡುಗಾಟವೆನ್ನಬಹುದು, ಅಹಂಕಾರವೆನ್ನಬಹುದು. ಮುಂದಿನದಕ್ಕೆ ಅಂಥ ಹೆಸರುಗಳಿಲ್ಲ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ, ಬಟ್ಟೆ ಮತ್ತು ಫ್ಲಾಸ್ಕು ತರಲು ನನ್ನನ್ನು ಮನೆಗೆ ಕಳಿಸಿದರು. ಮಧ್ಯಾಹ್ನದ ಬಿಸಿಲು, ಮನೆಯಲ್ಲಿ ಯಾರೂ ಇಲ್ಲ. ಜಗಲಿಯಲ್ಲಿ ಬಿಸ್ಕತ್ತಿನ ಡಬ್ಬಿ. ಅಕ್ಕ ತೆಗೆದಿಟ್ಟದ್ದು ಎರಡು ಎಂದು ಅವಳಿಗೆ ನೆನಪಿದೆ. ಅವಳು ಬಂದು ನೋಡಿದರೆ ಅಂಥದ್ದು ಒಂದೇ ಇರುತ್ತದೆ. ಆಗ ಎಲ್ಲ ಬಯಲಾಗುತ್ತದೆ. ಇದು ನನಗೆ ಹೊಳೆದದ್ದು ಬಾಗಿಲ ಬೀಗ ತೆಗೆಯುವಾಗಲೇ. ನಾನು ಅಪ್ಪನ ಇಕ್ಕಳ ತೆಗೆದುಕೊಂಡೆ. ಡಬ್ಬಿಯಲ್ಲಿದ್ದ ಪ್ರತಿಯೊಂದು ತೋಟೆಯನ್ನೂ ಒತ್ತಿ ಚಪ್ಪಟೆ ಮಾಡಿದೆ—ಸೀಳಿದ್ದು, ತೆಳುವಾದದ್ದು, ಎಲ್ಲ ಒಂದೇ ತರಹದ ಹಿತ್ತಾಳೆ ಚೂರುಗಳಾಗುವವರೆಗೆ. ನನ್ನ ಅಪ್ಪ ಅಲ್ಲಿ ಆಸ್ಪತ್ರೆಯ ಮಂಚದ ಮೇಲೆ… ನಾನು ಇಲ್ಲಿ ಕೂತು…

ಬಟ್ಟೆ, ಫ್ಲಾಸ್ಕು ಆಸ್ಪತ್ರೆಗೆ ಮುಟ್ಟಿಸಿದೆ; ಸಂಜೆ ಅಕ್ಕ ನನ್ನ ಜೊತೆ ಮನೆಗೆ ಬಂದಳು. ಚಪ್ಪಲಿ ಕೂಡ ಬಿಚ್ಚದೆ ನೇರ ಡಬ್ಬಿಯ ಹತ್ತಿರ ಹೋದಳು. ಅದನ್ನು ನೆಲಕ್ಕೆ ಸುರಿದಳು. ಬಹಳ ಹೊತ್ತು ಕೆದಕಿದಳು.

"ಇದನ್ನೆಲ್ಲ ಚಪ್ಪಟೆ ಮಾಡಿದ್ದು ಯಾರು?"

"ಅಪ್ಪ ಇರ್ಬೇಕು," ಎಂದೆ. "ನಿನ್ನೆ ಸಂಜೆ."

ಅವಳು ಅಲ್ಲೇ ಕೂತಳು. "ನಾನು ತೆಗೆದಿಟ್ಟಿದ್ದೆ," ಎಂದಳು. ಆಮೇಲೆ, ತನಗೆ ತಾನೇ ಹೇಳಿಕೊಂಡಂತೆ, "ತೆಗೆದಿಟ್ಟಿರ್ಲಿಲ್ವಾ?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಜಗತ್ತಿನಲ್ಲಿ ನಾನೊಬ್ಬನೇ.

ಮರುದಿನ ಅಪ್ಪನ ಕಣ್ಣಿನ ಬಗ್ಗೆ ಡಾಕ್ಟರರು ಹೇಳಬೇಕಾದ್ದನ್ನು ಹೇಳಿದರು. ಆಮೇಲೆ ಅಪ್ಪ ಅಕ್ಕನನ್ನು ಹತ್ತಿರ ಕರೆದರು. ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

"ನಿನ್ನ ಕಣ್ಣು ಎಲ್ಲಿತ್ತು ಮಗಾ?" ಎಂದರು.

ಅಕ್ಕ ನಿಂತಲ್ಲೇ ನಿಂತಳು. ಅವಳ ಮುಖದಲ್ಲಿ ಏನೋ ಹುಡುಕಾಟ. ನಾನು ಮಂಚದ ಕಾಲ್ದೆಸೆಯಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಸಹಾಯಕ್ಕೆ ನೋಡಿದ್ದಲ್ಲ, ಸುಮ್ಮನೆ. ಆಮೇಲೆ, "ತಪ್ಪಿತು ಅಪ್ಪ," ಎಂದಳು.

ಅವಳು ಶಿಬಿರಕ್ಕೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಅವಳೇ ಬಿಟ್ಟಳು. ಪ್ರೆಸ್ಸು ಗೋಣಿಚೀಲದಲ್ಲಿ ಸುತ್ತಿ ಅಟ್ಟ ಸೇರಿತು, ಕ್ಲಬ್ಬು ನಿಂತಿತು. ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವಳು ಕೆಲವೇ ತಿಂಗಳಲ್ಲಿ ಬಿಟ್ಟು ಬಂದಳು. ಯಾವ ರಿಪೋರ್ಟಿಗೂ ಸಹಿ ಹಾಕಲು ಅವಳ ಕೈ ಮುಂದೆ ಹೋಗುತ್ತಿರಲಿಲ್ಲವಂತೆ. ಒಂದೇ ಸ್ಲೈಡನ್ನು ಮತ್ತೆ ಮತ್ತೆ ನೋಡುತ್ತಾ ಕೂರುತ್ತಿದ್ದಳಂತೆ. ಕೊನೆಗೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾಗಿ ಪಕ್ಕದ ಬೀದಿಯಲ್ಲೇ ಸಂಸಾರ ಹೂಡಿದಳು, ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡಳು. ನಾನು ಪೆಥಾಲಜಿ ಓದಿದೆ. ಸ್ಲೈಡು ನೋಡಿ ಸಹಿ ಹಾಕುವುದೇ ನನ್ನ ಕೆಲಸವಾಯಿತು. ನನ್ನ ಕೈ ಯಾವತ್ತೂ ಹಿಂಜರಿಯಲಿಲ್ಲ.

ಹೇಳಬಹುದಿತ್ತು. ಅವಳ ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ಇಬ್ಬರೇ ಕೂತು ಹೂ ಕಟ್ಟುತ್ತಿದ್ದಾಗ ಬಾಯಿ ತನಕ ಬಂದಿತ್ತು. ನಾನು ಮಲೇಷ್ಯಾಕ್ಕೆ ಹೊರಟಾಗ ಬಂದಿತ್ತು. ಕುಟುಂಬದ ಊಟಗಳಲ್ಲಿ ಸದಾನಂದ ಮಾವ ಪ್ರತಿ ಸಲ ಆ ಕಥೆ ತೆಗೆಯುತ್ತಿದ್ದರು. "ನಮ್ಮ ವಸಂತಿ ತುಂಬಿದ ತೋಟೆ…" ಎಂದು ಶುರುಮಾಡಿದರೆ ಎಲ್ಲರೂ ನಗುತ್ತಿದ್ದರು, ಅಪ್ಪನೂ ಸೇರಿ. ಅಷ್ಟು ಹಳೆಯದಾಗಿತ್ತು ಅದು. ಅಕ್ಕ ಸಾರಿನ ಪಾತ್ರೆ ಹಿಡಿದು ಒಳಗೆ ಹೋಗುತ್ತಿದ್ದಳು. ನಾನು ಎಲೆಯತ್ತ ನೋಡುತ್ತಾ ಉಣ್ಣುತ್ತಿದ್ದೆ. ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ಚಿತೆಗೆ ಬೆಂಕಿಯಿಟ್ಟವನೂ ನಾನೇ. ಆಗಲೂ ಹೇಳಲಿಲ್ಲ. ಇನ್ನು ಯಾರಿಗೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸ್ವಲ್ಪ ಹಗುರವೂ ಆಯಿತು.

ಕಳೆದ ವರ್ಷ ಅಕ್ಕ ಮೊದಲ ಸಲ ಮೆಲಾಕಾಕ್ಕೆ ಬಂದಳು. ನನ್ನ ಹೆಂಡತಿ ಸುಮಾ ಬೆಂಗಳೂರಿನವಳು; ಅತ್ತಿಗೆಯನ್ನು ಕೂರಿಸಿ ಉಪಚರಿಸಿದಳು. ಮಗಳು ದಿಯಾ ಇಲ್ಲೇ ಹುಟ್ಟಿದವಳು, ಸುಬಾಂಗ್ ಜಯಾ ಎಂಬ ಊರಿನ ಕಾಲೇಜಿನಲ್ಲಿ ಓದುತ್ತಾಳೆ, ರಜೆಗೆ ಮನೆಗೆ ಬಂದಿದ್ದಳು. ಅಕ್ಕನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ; ಉತ್ತರ ಮಾತ್ರ ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ. ಇಬ್ಬರೂ ಅದು ಹೇಗೋ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಂದು ದಿನ ಎಲ್ಲರೂ ನದಿಯ ಕಡೆ ಹೊರಟಿದ್ದೆವು. ಕಾರಿನವರೆಗೆ ಬಂದ ಅಕ್ಕ, ಗ್ಯಾಸ್ ನೋಡಿ ಬರ್ತೇನೆ ಎಂದು ಒಳಗೆ ಹೋದಳು. ಬಂದಳು. ಮತ್ತೆ ಹೋದಳು. ಮೂರನೆಯ ಸಲ ಹೊರಟಾಗ ದಿಯಾ ಅವಳ ಕೈ ಹಿಡಿದು ನಕ್ಕಳು. "ಅತ್ತೆ, ಇಟ್ಸ್ ಆಫ್ ಲಾ. ಯು ಚೆಕ್ಡ್ ಆಲ್ರೆಡಿ."

"ಗೊತ್ತುಂಟು ಮಗಾ," ಎಂದಳು ಅಕ್ಕ, ಅವಳೂ ನಗುತ್ತಲೇ. "ಆದ್ರೆ ನನ್ನ ಕಣ್ಣನ್ನು ನಂಬ್ಲಿಕ್ಕೆ ಆಗುದಿಲ್ಲ. ಒಮ್ಮೆ ನಂಬಿ ನಿನ್ನ ಅಜ್ಜನ ಕಣ್ಣು ತೆಗೆದವಳು ನಾನು."

ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ—ನನಗೆ ಶುಗರ್ ಉಂಟು, ಸಕ್ಕರೆ ಬೇಡ ಎನ್ನುವ ಹಾಗೆ. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ನದಿಯ ದಡದಲ್ಲಿ ಅಂದು ಏನು ನೋಡಿದೆವೋ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅವಳೊಬ್ಬಳನ್ನೇ ಮನೆ ಹತ್ತಿರದ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದುಕೊಂಡು ಹೋದೆ. ಅಲ್ಲಿಯ ರೊಟ್ಟಿ, ಬೇಳೆಸಾರು ಅವಳಿಗೆ ಹಿಡಿಸಿತ್ತು. ನಮ್ಮ ಪರೋಟದ ತಮ್ಮ ಇದು, ಎನ್ನುತ್ತಿದ್ದಳು. ಎತ್ತರದಿಂದ ಸುರಿದು ನೊರೆ ಬರಿಸಿದ ಚಹಾ ಬಂತು. ಪಕ್ಕದ ಮೇಜಿನಲ್ಲಿ ಯಾರೋ ತಮಿಳಿನಲ್ಲಿ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದರು.

ನಾನು ಹೇಳಿದೆ. ಹೇಗೆ ಶುರುಮಾಡಿದೆನೋ ಗೊತ್ತಿಲ್ಲ. ತೊಳೆಯುವ ಕಲ್ಲು, ಸೂಜಿಯ ಗೀರು, ಅವಳು ಚಹಾಕ್ಕೆ ಹೋದದ್ದು—ಎಲ್ಲ. ಅವಳ ತಟ್ಟೆಯನ್ನೇ ನೋಡುತ್ತಾ ಹೇಳಿದೆ. ಅವಳು ರೊಟ್ಟಿ ಹರಿಯುವುದನ್ನು ನಿಲ್ಲಿಸಿದಳು. ಅವಳು ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಡಬ್ಬಿಯದ್ದು?"

ಆ ಭಾಗವನ್ನು ನಾನು ಬಿಟ್ಟಿದ್ದೆ. ಹೌದು—ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳಲು ಕೂತವನು ಅಲ್ಲಿಯೂ ಅದನ್ನು ನುಂಗಿಬಿಟ್ಟಿದ್ದೆ.

"ನಾನೇ," ಎಂದೆ. "ಅಪ್ಪ ಅಲ್ಲ. ನೀನು ಬರುವ ಮೊದಲು."

ಅವಳು ತಲೆಯಾಡಿಸಿದಳು. ಚಹಾದ ಗ್ಲಾಸನ್ನು ಸ್ವಲ್ಪ ದೂರ ಸರಿಸಿದಳು. "ಎರಡು ತೆಗೆದಿಟ್ಟಿದ್ದೆ ನಾನು," ಎಂದಳು. "ನಂಗೆ ಸ್ಪಷ್ಟ ನೆನಪಿತ್ತು ರಘು. ಆಮೇಲೆ ಆ ನೆನಪೇ ಸುಳ್ಳು ಅಂತ ಅಂದ್ಕೊಂಡೆ."

ಆಮೇಲೆ, ನಾನು ಕೇಳದೆಯೇ, ಅಪ್ಪನ ಕೊನೆಯ ವರ್ಷಗಳ ಬಗ್ಗೆ ಹೇಳಿದಳು. ಅಪ್ಪನ ಉಳಿದ ಒಂದು ಕಣ್ಣಿಗೆ ಒತ್ತಡದ ತೊಂದರೆ ಬಂದು ದಿನಾ ಔಷಧಿಯ ಹನಿ ಬಿಡಬೇಕಿತ್ತು. ಅಕ್ಕನೇ ಬಿಡುತ್ತಿದ್ದಳು. ಪ್ರತಿ ಸಲವೂ ಅಪ್ಪ ಮುಖ ಮೇಲೆತ್ತುವ ಮೊದಲು ಕೇಳುತ್ತಿದ್ದರಂತೆ, "ಸರಿ ಬಾಟ್ಲಿಯಾ ಮಗಾ?" ಅಕ್ಕ ಬಾಟಲಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆಯೇ ಅವರು ಕಣ್ಣು ತೆರೆಯುತ್ತಿದ್ದರು. ದಿನಾ ಬೆಳಿಗ್ಗೆ, ದಿನಾ ಸಂಜೆ.

"ಬೇಜಾರು ಇರ್ಲಿಲ್ಲ ನಂಗೆ," ಎಂದಳು. "ಕೇಳುದು ಸರಿಯೇ ಅಂತ ಕಾಣ್ತಿತ್ತು. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ, ಅವ್ರಿಗೆ ಹೇಗೆ ಇರ್ಬೇಕು?"

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ತೆಗೆದುಕೊಂಡಳು, ಕೋಪದಿಂದಲ್ಲ, ಸೆರಗು ಸರಿಮಾಡಿಕೊಳ್ಳುವವಳ ಹಾಗೆ.

"ನೀನು ಅವತ್ತೇ ಹೇಳಿದ್ರೆ ಎಂತ ಆಗ್ತಿತ್ತು?" ಎಂದಳು. "ಅಪ್ಪ ನಿಂಗೆ ಬಯ್ತಿದ್ರು. ಎರಡು ದಿನ ಮಾತು ಬಿಡ್ತಿದ್ರು. ಆಮೇಲೆ ಅವ್ರೇ ಊಟಕ್ಕೆ ಕರೀತಿದ್ರು. ಅಷ್ಟೇ ಇತ್ತು ರಘು. ಅಷ್ಟೇ."

ಅವಳು ಹೇಳಿದ್ದು ಸತ್ಯ. ಇಪ್ಪತ್ತರ ಹರೆಯದಲ್ಲಿ ನಾನು ಎಷ್ಟು ಹೆದರಿದ್ದೆನೆಂದರೆ, ಆ ಹೆದರಿಕೆಯ ನಿಜವಾದ ಗಾತ್ರವನ್ನು ಆಮೇಲೆ ಎಂದೂ ಅಳೆದು ನೋಡಿರಲಿಲ್ಲ. ಎರಡು ದಿನದ ಮೌನ. ಅಷ್ಟನ್ನು ತಪ್ಪಿಸಿಕೊಳ್ಳಲು ಅಕ್ಕನ ಇಡೀ ಜೀವನದ ಧೈರ್ಯವನ್ನು ಕೊಟ್ಟುಬಿಟ್ಟಿದ್ದೆ. ಕೊಡಲು ಅದು ನನ್ನದಾಗಿರಲೂ ಇಲ್ಲ.

ಮನೆಗೆ ಬಂದ ಮೇಲೆ ಸುಮಾಳಿಗೂ ಹೇಳಿದೆ. ಅವಳು ನನ್ನ ಮುಖ ನೋಡಿ, "ರೀ, ಇಷ್ಟು ವರ್ಷ ನಂಗೂ ಹೇಳ್ಲಿಲ್ವಲ್ಲ," ಎಂದಷ್ಟೇ ಹೇಳಿ ಅಕ್ಕನ ಕೋಣೆಗೆ ಹೋದಳು. ಉಳಿದ ದಿನಗಳಲ್ಲಿ ಅಕ್ಕ ಎಂದಿನಂತೆಯೇ ಇದ್ದಳು. ದಿಯಾಳಿಗೆ ನೀರುದೋಸೆ ಕಲಿಸಿದಳು, ನನಗೂ ಬಡಿಸಿದಳು. ಆದರೆ ನಾನು ಕೋಣೆಗೆ ಹೋದರೆ ಮಾತು ಸಣ್ಣದಾಗುತ್ತಿತ್ತು. ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ದಾರಿಯುದ್ದಕ್ಕೂ ಎಣ್ಣೆತಾಳೆಯ ತೋಟಗಳನ್ನು ನೋಡುತ್ತಾ ಕೂತಿದ್ದಳು. ಸೈಬರ್‌ಜಯಾ ಊರಿನ ಫಲಕ ಕಂಡಾಗ, ಇನ್ನೆಷ್ಟು ದೂರ ಉಂಟು, ಎಂದು ಕೇಳಿದಳು. ಒಳಗೆ ಹೋಗುವ ಮೊದಲು ತಿರುಗಿ ನಿಂತು, "ನಂಗೆ ಹೇಳಿದ್ದು ಸಾಕಾಗುದಿಲ್ಲ," ಎಂದಳು. "ಈ ಕಥೆ ಗೊತ್ತಿದ್ದವ್ರಿಗೆಲ್ಲ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಯಾರೂ ನಂಬುದಿಲ್ಲ."

ನಾನು ಕ್ಷಮೆ ಕೇಳಿದೆನೇ? ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಈವರೆಗೂ ಕೊಟ್ಟಿಲ್ಲ. ಮತ್ತೊಮ್ಮೆ ಕೇಳುವ ಹಕ್ಕು ನನಗಿದೆ ಎಂದು ಅನ್ನಿಸುವುದಿಲ್ಲ.

ಈಗ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಸೆಕೆ, ಮೀನಿನ ಬೆಲೆ, ಭಾವನ ಮಂಡಿನೋವು. ಒಂದು ಸಲ ಅವಳಾಗಿಯೇ ಹೇಳಿದಳು, "ಮೊನ್ನೆ ಬೀಗ ಹಾಕಿ ತಿರುಗಿ ನೋಡದೆ ಹೊರಟೆ. ಬಸ್‌ಸ್ಟ್ಯಾಂಡ್ ತನಕ ಹೋದೆ. ಮತ್ತೆ ವಾಪಾಸು ಬಂದೆ ನೋಡ್ಲಿಕ್ಕೆ." ಬೀಗ ಸರಿಯಾಗಿಯೇ ಇತ್ತಂತೆ. ಮೂವತ್ತು ವರ್ಷ ಕೂಡಿಸಿಟ್ಟ ಅನುಮಾನ ಒಂದು ಬೆಳಗಿನ ಮಾತಿಗೆ ಎದ್ದು ಹೋಗುತ್ತದೆ ಎಂದು ನಾನು ಹೇಗೆ ನಂಬಿದ್ದೆನೋ.

ಮುಂದಿನ ತಿಂಗಳು ಅಪ್ಪನ ವಾರ್ಷಿಕ ಶ್ರಾದ್ಧಕ್ಕೆ ಊರಿಗೆ ಹೋಗುತ್ತಿದ್ದೇನೆ. ಸದಾನಂದ ಮಾವನಿಗೆ ವಯಸ್ಸಾಗಿದೆ, ಆದರೂ ಬರುತ್ತಾರೆ. ಕ್ಲಬ್ಬಿನಲ್ಲಿದ್ದವರಲ್ಲಿ ಉಳಿದ ಒಂದಿಬ್ಬರಿಗೂ ಹೇಳಿ ಕಳಿಸಿದ್ದೇನೆ. ಎಲ್ಲರೂ ಊಟಕ್ಕೆ ಕೂರುವ ಮೊದಲು ನಿಂತು ಹೇಳುವುದೆಂದು ನಿರ್ಧರಿಸಿದ್ದೇನೆ. ಮಾತು ತಪ್ಪಬಾರದೆಂದು, ಏನನ್ನೂ ನುಂಗಬಾರದೆಂದು, ಮೊದಲು ಇಲ್ಲಿ ಪೂರ್ತಿ ಬರೆದುಕೊಂಡೆ. ಬಂದವರಲ್ಲಿ ಕೆಲವರು ಎದ್ದು ಹೋಗಬಹುದು. ಇಷ್ಟು ಹಳೆಯದನ್ನು ಈಗ ಯಾಕೆ ತೆಗೆಯುತ್ತಿ ಎಂದು ಬಯ್ಯಲೂಬಹುದು.

ನಿನ್ನೆ ಫೋನಿನಲ್ಲಿ ಅಕ್ಕನಿಗೆ ಇದನ್ನು ತಿಳಿಸಿದೆ. ಅಷ್ಟು ಹೊತ್ತು ನೀನು ಬೇಕಾದರೆ ಅಡುಗೆಮನೆಯಲ್ಲಿರು, ಎಂದೆ.

"ಇಲ್ಲ," ಎಂದಳು. "ಈ ಸಲ ನಾನು ಒಳಗೆ ಹೋಗುದಿಲ್ಲ. ಎಲ್ಲರ ಜೊತೆ ಎದುರಿಗೇ ಕೂತಿರ್ತೇನೆ. ನೀನು ನನ್ನ ಮುಖ ನೋಡಿಯೇ ಹೇಳು."